ಧಾರೆಯ ಶಾಟ್ ಎಲ್ಲಿದೆ? ಎಐ ಬಳಸಿ ಫುಟೇಜ್ ಹುಡುಕುವ ಬಗೆ

ಒಂದು ಮದುವೆಗೆ ಮೂರು ಕ್ಯಾಮೆರಾ, ಮೇಲೊಂದು ಡ್ರೋನ್. ಹಿಂದಿನ ಸಂಜೆಯ ರಿಸೆಪ್ಷನ್, ಬೆಳಗಿನ ಶಾಸ್ತ್ರ, ಮುಹೂರ್ತ, ಊಟದ ಪಂಕ್ತಿ ಎಲ್ಲ ಸೇರಿ ಎಡಿಟರ್ ಕೈಗೆ ಹನ್ನೆರಡು ಗಂಟೆಯ ಫುಟೇಜ್ ಬಂದು ಬೀಳುವುದು ದೊಡ್ಡ ವಿಷಯವೇನಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದ 4ಕೆ ವಿಡಿಯೊ ಗಂಟೆಗೆ 45 ಜಿಬಿ ಜಾಗ ತಿನ್ನುತ್ತದೆ. ಹನ್ನೆರಡು ಗಂಟೆಗೆ 540 ಜಿಬಿ. ಇದರಿಂದ ಐದು ನಿಮಿಷದ ಹೈಲೈಟ್ ತೆಗೆಯಬೇಕು. ಅದು ಮುಗಿಯಿತು ಅನ್ನುವಾಗ ಮದುಮಗಳ ಅಣ್ಣನ ಫೋನು: “ಸರ್, ನಮ್ಮ ಸೋದರತ್ತೆ ಆರತಿ ಎತ್ತಿದ್ದು ಇರುತ್ತಲ್ಲ, ಅದೊಂದು ಹಾಕ್ಬಿಡಿ.”

ಇಂಥ ಹುಡುಕಾಟಕ್ಕೆ ಈಗ ಎಐ ಸಾಧನಗಳು ಎಡಿಟಿಂಗ್ ಸಾಫ್ಟ್‌ವೇರ್ ಒಳಗೇ ಬಂದಿವೆ. ಅಡೋಬಿ ಪ್ರೀಮಿಯರ್‌ನಲ್ಲಿ 2025ರ ಏಪ್ರಿಲ್‌ನಿಂದ ‘ಮೀಡಿಯಾ ಇಂಟೆಲಿಜೆನ್ಸ್’ ಇದೆ. ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿ ಮುಖ ಗುರುತಿಸುತ್ತದೆ, ಮಾತನ್ನು ಬರಹಕ್ಕೆ ಇಳಿಸುತ್ತದೆ. ಫೈನಲ್ ಕಟ್ ಪ್ರೊಗೆ 2026ರ ಆರಂಭದಲ್ಲಿ ದೃಶ್ಯ ಹುಡುಕಾಟ ಸೇರಿತು. ಜಂಪರ್ ಅನ್ನುವ ಪ್ಲಗಿನ್ ಇದೇ ಕೆಲಸವನ್ನು ಇಂಟರ್‌ನೆಟ್ ಇಲ್ಲದೆ ನಿಮ್ಮ ಕಂಪ್ಯೂಟರಿನಲ್ಲೇ ಮಾಡುತ್ತದೆ.

ಆದರೆ ಸರ್ಚ್ ಬಾಕ್ಸಿನಲ್ಲಿ ‘ಧಾರೆ’ ಅಂತ ಟೈಪ್ ಮಾಡಿದ ತಕ್ಷಣ ಧಾರೆ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ, ಸಿಗಬೇಕಾದರೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಮದುವೆ ವಿಡಿಯೊ ಇಟ್ಟುಕೊಂಡಿದ್ದೇನೆ. ಡಾಕ್ಯುಮೆಂಟರಿ ಮಾಡುವವರಿಗೂ, ಸಂದರ್ಶನ ಎಡಿಟ್ ಮಾಡುವವರಿಗೂ ದಾರಿ ಹೆಚ್ಚುಕಡಿಮೆ ಇದೇ.

ಒಂದು ಮಾತು ಮೊದಲೇ. ಎಲ್ಲ ಫುಟೇಜನ್ನೂ ಒಂದು ಸಲ ನೀವೇ ನೋಡಿ. ಎರಡು ಪಟ್ಟು ವೇಗದಲ್ಲಾದರೂ ಸರಿ, ಟೀ ಕುಡಿಯುತ್ತಾ ನೋಡಿದರೂ ಸರಿ. ಎಐ ಹುಡುಕಾಟ ಇರುವುದು ಎರಡನೇ ಸಲಕ್ಕೆ. ‘ಎಲ್ಲೋ ನೋಡಿದ್ದೆನಲ್ಲ, ಎಲ್ಲಿ?’ ಅನ್ನುವ ಹೊತ್ತಿಗೆ. ನೋಡದೇ ಹುಡುಕಲು ಕೂತರೆ ನಿಮ್ಮ ತಲೆಯಲ್ಲಿ ಮೊದಲೇ ಇದ್ದದ್ದು ಮಾತ್ರ ಸಿಗುತ್ತದೆ. ಅಪ್ಪ ಕಂಬದ ಪಕ್ಕ ನಿಂತು ಕಣ್ಣು ಒರೆಸಿಕೊಂಡದ್ದನ್ನು ಹುಡುಕಬೇಕು ಅಂತ ಯಾರಿಗೆ ಹೊಳೆಯುತ್ತದೆ? ಅದು ನೋಡುವಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

1. ಕಾರ್ಡ್ ಇಳಿಸುವಾಗಲೇ ಶುರು ಮಾಡಿ

ಸುಮಾರು ಹುಡುಕಾಟಕ್ಕೆ ಎಐ ಬೇಕಾಗುವುದೇ ಇಲ್ಲ. ಗಡಿಯಾರ ಸಾಕು.

ಶೂಟಿಂಗ್ ದಿನ ಬೆಳಿಗ್ಗೆ ಎಲ್ಲ ಕ್ಯಾಮೆರಾಗಳ ಸಮಯವನ್ನೂ ಒಂದೇ ಫೋನಿನ ಸಮಯಕ್ಕೆ ಹೊಂದಿಸಿಕೊಳ್ಳಿ. ಲಗ್ನಪತ್ರಿಕೆಯಲ್ಲಿ ಮುಹೂರ್ತ ಇದ್ದೇ ಇರುತ್ತದೆ. ಬೆಳಿಗ್ಗೆ 10.15ರಿಂದ 11.05 ಅಂತ ಇದ್ದರೆ, ಆ ಹೊತ್ತಿನಲ್ಲಿ ರೆಕಾರ್ಡ್ ಆದ ಕ್ಲಿಪ್‌ಗಳನ್ನು ಸಮಯದ ಪ್ರಕಾರ ಜೋಡಿಸಿದರೆ ಧಾರೆ, ಮಾಂಗಲ್ಯಧಾರಣೆ ಎರಡೂ ಅಲ್ಲೇ ಇರುತ್ತವೆ. ಇನ್ನೂ ನಿಖರವಾಗಿ ಬೇಕೇ? ಆಡಿಯೊ ವೇವ್‌ಫಾರ್ಮ್ ನೋಡಿ. ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುತ್ತಾರಲ್ಲ, ಅಲ್ಲಿ ವೇವ್‌ಫಾರ್ಮ್ ಉಬ್ಬಿ ಗೋಡೆಯ ಹಾಗೆ ನಿಂತಿರುತ್ತದೆ. ಯಾವ ಎಐಗಿಂತಲೂ ಬೇಗ ಕಣ್ಣೇ ಅದನ್ನು ಹಿಡಿಯುತ್ತದೆ.

ಫೋಲ್ಡರುಗಳ ಹೆಸರೂ ಮುಖ್ಯ. ಸೋನಿ ಕ್ಯಾಮೆರಾಗಳು ಕ್ಲಿಪ್‌ಗೆ ಸಿ0001, ಸಿ0002 ಅಂತ ಹೆಸರು ಕೊಡುತ್ತವೆ. ಎರಡು ಸೋನಿ ಕ್ಯಾಮೆರಾ ಇದ್ದರೆ ಎರಡರಲ್ಲೂ ಸಿ0001 ಇರುತ್ತದೆ. ಹುಡುಕಾಟದಲ್ಲಿ ಕ್ಲಿಪ್ ಹೆಸರು ಮಾತ್ರ ಕಂಡರೆ ಯಾವುದು ಯಾವ ಕ್ಯಾಮೆರಾದ್ದು ಅಂತ ಗೊತ್ತಾಗದು. ಆದ್ದರಿಂದ ದಿನಾಂಕ, ಕ್ಯಾಮೆರಾ, ಜಾಗ ಈ ಮೂರನ್ನೂ ಹೆಸರಿಗೆ ಸೇರಿಸಿ. ಇದನ್ನು ಪ್ರಾಜೆಕ್ಟಿಗೆ ಇಂಪೋರ್ಟ್ ಮಾಡುವ ಮೊದಲೇ ಮಾಡಬೇಕು. ಆಮೇಲೆ ಹೆಸರು ಬದಲಿಸಿದರೆ ‘ಮೀಡಿಯಾ ಆಫ್‌ಲೈನ್’ ಅಂತ ಕೆಂಪು ಬಣ್ಣ ಬರುತ್ತದೆ.

ಮೂರನೆಯದು ಪ್ರಾಕ್ಸಿ. ಅಂದರೆ ಮೂಲ ಕ್ಲಿಪ್‌ನ ಹಗುರ ಪ್ರತಿ. ಸೆಕೆಂಡಿಗೆ 2 ಮೆಗಾಬಿಟ್ ದರದ 720ಪಿ ಪ್ರಾಕ್ಸಿ ಗಂಟೆಗೆ ಸುಮಾರು 900 ಎಂಬಿ ಆಗುತ್ತದೆ. ಹನ್ನೆರಡು ಗಂಟೆ ಸೇರಿ 11 ಜಿಬಿ ಒಳಗೆ. ಲಾಗ್ ಪ್ರೊಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ಹಾಗೆ ಚಪ್ಪೆಯಾಗಿ ರೆಕಾರ್ಡ್ ಮಾಡುವ ಬಗೆ) ಶೂಟ್ ಮಾಡಿದ್ದರೆ ಪ್ರಾಕ್ಸಿ ಮಾಡುವಾಗಲೇ ಲಟ್, ಅಂದರೆ ಬಣ್ಣ ಸರಿಮಾಡುವ ಫೈಲ್, ಹಾಕಿಬಿಡಿ. ಬೂದಿ ಬಣ್ಣದ ಚಪ್ಪೆ ಚಿತ್ರದಲ್ಲಿ ‘ಕೆಂಪು ಸೀರೆ’ ಹುಡುಕು ಅಂದರೆ ಯಂತ್ರ ತಡವರಿಸುತ್ತದೆ.

2. ಯಂತ್ರ ಏನನ್ನು ನೋಡುತ್ತದೆ ಅಂತ ತಿಳಿದುಕೊಳ್ಳಿ

ಇದು ಸ್ವಲ್ಪ ಥಿಯರಿ. ಆದರೆ ಇದು ಗೊತ್ತಿದ್ದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

2021ರ ಜನವರಿಯಲ್ಲಿ ಓಪನ್‌ಎಐ ‘ಕ್ಲಿಪ್’ ಅನ್ನುವ ಮಾದರಿಯನ್ನು ಹೊರಬಿಟ್ಟಿತು. (ನಮ್ಮ ವಿಡಿಯೊ ಕ್ಲಿಪ್‌ಗೂ ಅದಕ್ಕೂ ಸಂಬಂಧವಿಲ್ಲ, ಹೆಸರು ಕಾಕತಾಳೀಯ.) ಇಂಟರ್‌ನೆಟ್‌ನಿಂದ ತೆಗೆದ 40 ಕೋಟಿ ಚಿತ್ರ ಮತ್ತು ಅವುಗಳ ವಿವರಣೆಯ ಜೋಡಿಗಳನ್ನು ನೋಡಿ ಅದು ಕಲಿತಿತ್ತು. ಚಿತ್ರವನ್ನೂ ಮಾತನ್ನೂ ಒಂದೇ ಬಗೆಯ ಸಂಖ್ಯೆಗಳ ಸಾಲಾಗಿ ಬದಲಿಸುವುದು ಅದರ ಕೆಲಸ. ಚಿತ್ರದ ಸಂಖ್ಯೆಗಳೂ ನಿಮ್ಮ ಮಾತಿನ ಸಂಖ್ಯೆಗಳೂ ಹತ್ತಿರ ಇದ್ದರೆ ಅದು ‘ಸಿಕ್ಕಿತು’ ಅನ್ನುತ್ತದೆ. ದೃಶ್ಯ ಹುಡುಕಾಟದ ಇವತ್ತಿನ ಸಾಧನಗಳು ಸಾಮಾನ್ಯವಾಗಿ ಇದೇ ಉಪಾಯದ ಮೇಲೆ ನಿಂತಿವೆ. ವಿಡಿಯೊದಿಂದ ಆಗಾಗ ಒಂದೊಂದು ಫ್ರೇಮ್ ಎತ್ತಿಕೊಂಡು, ಅದನ್ನು ಸಂಖ್ಯೆ ಮಾಡಿ, ಪಟ್ಟಿ ಮಾಡಿಡುತ್ತವೆ. ನೀವು ಹುಡುಕುವುದು ಆ ಪಟ್ಟಿಯಲ್ಲಿ.

ಇದರಿಂದ ಏನಾಗುತ್ತದೆ ನೋಡಿ. ಮೊದಲನೆಯದಾಗಿ, ಫ್ರೇಮನ್ನು ಅದು ಕುಗ್ಗಿಸಿ ನೋಡುತ್ತದೆ. ಓಪನ್‌ಎಐ ಮೊದಲು ಬಿಟ್ಟ ಕ್ಲಿಪ್ ಮಾದರಿಗಳಲ್ಲಿ ಅದರ ಅಳತೆ ಬರೀ 224 ಪಿಕ್ಸೆಲ್ ಅಗಲ, 224 ಪಿಕ್ಸೆಲ್ ಎತ್ತರ. ನಿಮ್ಮ 4ಕೆ ಫ್ರೇಮ್ 3840 ಪಿಕ್ಸೆಲ್ ಅಗಲ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯ ಮುಖ ಆ ಕುಗ್ಗಿದ ಚಿತ್ರದಲ್ಲಿ ಒಂದು ಚುಕ್ಕೆಯಾಗುತ್ತದೆ. ಸಣ್ಣ ವಸ್ತು, ದೂರದ ಮುಖ, ಕೈಬೆರಳಿನ ಉಂಗುರ ಇವೆಲ್ಲ ಕ್ಲೋಸಪ್ ಇದ್ದರೆ ಮಾತ್ರ ಸಿಗುತ್ತವೆ. ಹಾಗೆ ನೋಡಿದರೆ ಹುಡುಕಾಟಕ್ಕೆ ಪ್ರಾಕ್ಸಿಯೇ ಧಾರಾಳ ಆಯಿತು, ಅಲ್ವಾ?

ಎರಡನೆಯದು, ಒಂದೇ ಫ್ರೇಮ್ ನೋಡಿದರೆ ಚಲನೆ ತಿಳಿಯುವುದಿಲ್ಲ. ಹಾರ ಹಾಕುತ್ತಿದ್ದಾರೋ ತೆಗೆಯುತ್ತಿದ್ದಾರೋ, ವರ ಮಂಟಪಕ್ಕೆ ಬರುತ್ತಿದ್ದಾನೋ ಹೋಗುತ್ತಿದ್ದಾನೋ, ಒಂದು ಫ್ರೇಮಿನಲ್ಲಿ ಎರಡೂ ಒಂದೇ. ಹೊಸ ಮಾದರಿಗಳು ಇದರಲ್ಲಿ ಸುಧಾರಿಸಿವೆ, ಆದರೂ ಪೂರ್ತಿ ನಂಬುವ ಹಾಗಿಲ್ಲ.

ಮೂರನೆಯದು, ‘ಇಲ್ಲ’ ಅನ್ನುವುದು ಅದಕ್ಕೆ ಸರಿಯಾಗಿ ಅರ್ಥವಾಗುವುದಿಲ್ಲ. ‘ಕನ್ನಡಕ ಇಲ್ಲದ ಗಂಡಸು’ ಅಂತ ಕೇಳಿದರೆ ಕನ್ನಡಕ ಹಾಕಿದವರೇ ಮೊದಲು ಬರುವುದುಂಟು. ಎಣಿಕೆಯೂ ಹಾಗೇ. ‘ಐದು ಜನ ಮುತ್ತೈದೆಯರು’ ಅಂದರೆ ನಾಲ್ಕಾದರೂ ಬರುತ್ತಾರೆ, ಎಂಟಾದರೂ ಬರುತ್ತಾರೆ.

ಇನ್ನೊಂದು ತಮಾಷೆಯ ದೌರ್ಬಲ್ಯ ಇದೆ. ಓಪನ್‌ಎಐ ತಾನೇ 2021ರಲ್ಲಿ ತೋರಿಸಿದ್ದು. ಒಂದು ಸೇಬಿನ ಮೇಲೆ ‘ಐಪಾಡ್’ ಅಂತ ಬರೆದ ಚೀಟಿ ಅಂಟಿಸಿದರೆ ಕ್ಲಿಪ್ ಅದನ್ನು ಐಪಾಡ್ ಅಂದುಬಿಟ್ಟಿತು. ಫ್ರೇಮಿನಲ್ಲಿ ದೊಡ್ಡದಾಗಿ ಇಂಗ್ಲಿಷ್ ಬರಹ ಇದ್ದರೆ ಅದು ಚಿತ್ರವನ್ನೇ ಮೀರಿಸಬಹುದು. ಛತ್ರದ ಬೋರ್ಡಿನಲ್ಲಿ ‘ಗಾರ್ಡನ್’ ಅಂತ ಇದ್ದರೆ, ತೋಟದ ಶಾಟ್ ಕೇಳಿದಾಗ ಬೋರ್ಡ್ ಬಂದರೆ ಆಶ್ಚರ್ಯ ಪಡಬೇಡಿ.

3. ಶಾಸ್ತ್ರದ ಹೆಸರು ಬಿಡಿ, ಕಣ್ಣಿಗೆ ಕಂಡದ್ದನ್ನು ಕೇಳಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಈ ಮಾದರಿಗಳು ಕಲಿತದ್ದು ಹೆಚ್ಚಾಗಿ ಇಂಗ್ಲಿಷ್ ವಿವರಣೆಗಳಿಂದ. ಧಾರೆ, ಅಂತರಪಟ, ಬಾಸಿಂಗ, ಕಾಶಿಯಾತ್ರೆ ಇವು ಅವುಗಳ ಪಾಲಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ ನೀರು, ಕೈ, ತೆಂಗಿನಕಾಯಿ, ಬಟ್ಟೆ, ಕೊಡೆ ಚೆನ್ನಾಗಿ ಗೊತ್ತು. ಹಾಗಾಗಿ ಶಾಸ್ತ್ರವನ್ನು ಬಿಡಿಸಿ, ಕ್ಯಾಮೆರಾ ಕಣ್ಣಿಗೆ ಏನು ಕಂಡಿತು ಅಂತ ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಕೆಲವು ಉದಾಹರಣೆ:

ಧಾರೆಗೆ: ‘ಜೋಡಿಸಿದ ಕೈಗಳ ಮೇಲೆ ತೆಂಗಿನಕಾಯಿ, ಅದರ ಮೇಲೆ ನೀರು ಸುರಿಯುತ್ತಿರುವುದು’. ಇಂಗ್ಲಿಷಿನಲ್ಲಿ ‘ಪೋರಿಂಗ್ ವಾಟರ್ ಓವರ್ ಅ ಕೋಕನಟ್ ಇನ್ ಹ್ಯಾಂಡ್ಸ್’ ಅಂದರೆ ಸಾಕು.

ಅಂತರಪಟಕ್ಕೆ: ‘ವಧು ವರರ ನಡುವೆ ಹಿಡಿದ ಬಟ್ಟೆ’. ಇಲ್ಲಿ ಒಂದು ತೊಡಕು. ಬಿಳಿ ಪಂಚೆಯ ಪರದೆ ಆದರೆ ಪಕ್ಕದಲ್ಲಿ ನಿಂತ ಪುರೋಹಿತರ ಪಂಚೆ, ಸ್ಟೇಜಿನ ಕರ್ಟನ್ ಎಲ್ಲ ಬರುತ್ತವೆ. ‘ಬಟ್ಟೆ ಎತ್ತಿ ಹಿಡಿದಿರುವ ಇಬ್ಬರು’ ಅಂತ ಸೇರಿಸಿ ನೋಡಿ.

ಕಾಶಿಯಾತ್ರೆಗೆ: ‘ಕೊಡೆ ಮತ್ತು ಕೋಲು ಹಿಡಿದ, ಪಂಚೆ ಉಟ್ಟ ಯುವಕ’. ಇದು ಸುಲಭ. ಛತ್ರದೊಳಗೆ ಕೊಡೆ ಹಿಡಿಯುವ ಸಂದರ್ಭ ಇನ್ಯಾವುದಿದೆ?

ಬಾಸಿಂಗಕ್ಕೆ: ‘ಹಣೆಗೆ ಕಟ್ಟಿದ ಒಡವೆ, ಕ್ಲೋಸಪ್’.

ಜೀರಿಗೆ-ಬೆಲ್ಲ ಮಾತ್ರ ಕಷ್ಟ. ಒಬ್ಬರು ಇನ್ನೊಬ್ಬರ ತಲೆಯ ಮೇಲೆ ಕೈ ಇಡುವುದು ಅಂತ ಕೇಳಿದರೆ ಅಕ್ಷತೆ ಹಾಕುವವರು, ಆಶೀರ್ವಾದ ಮಾಡುವವರು, ಜಡೆ ಸರಿಮಾಡುವ ಮೇಕಪ್‌ನವರು ಎಲ್ಲರೂ ಬರುತ್ತಾರೆ. ಇಂಥ ಕಡೆ ವಾಪಸ್ ಗಡಿಯಾರಕ್ಕೇ ಹೋಗಿ. ಅಂತರಪಟ ಸಿಕ್ಕಿತು ಅಂದರೆ ಜೀರಿಗೆ-ಬೆಲ್ಲ ಅದರ ಬುಡದಲ್ಲೇ ಇರುತ್ತದೆ. ಸುಲಭಕ್ಕೆ ಸಿಗುವ ಶಾಟ್ ಹಿಡಿದು, ಕಷ್ಟದ್ದನ್ನು ಅದರ ಅಕ್ಕಪಕ್ಕ ಹುಡುಕುವುದು ಒಳ್ಳೆಯ ಅಭ್ಯಾಸ.

ಈಗ ಸೋದರತ್ತೆ. ಯಂತ್ರಕ್ಕೆ ನೆಂಟಸ್ತಿಕೆ ಗೊತ್ತಿಲ್ಲ. ಫೋನ್ ಮಾಡಿದವರ ಹತ್ತಿರ ಒಂದು ಪ್ರಶ್ನೆ ಕೇಳಿ: “ಅವರು ಯಾವ ಬಣ್ಣದ ಸೀರೆ ಉಟ್ಟಿದ್ದರು?” ‘ಹಸಿರು ಸೀರೆಯ ಹೆಂಗಸು, ಕೈಯಲ್ಲಿ ಆರತಿ ತಟ್ಟೆ’ ಅಂತ ಹುಡುಕಿದರೆ ಪಟ್ಟಿ ಸಣ್ಣದಾಗುತ್ತದೆ. ಹಾಗೇ ‘ಮುಹೂರ್ತಕ್ಕೋ ರಿಸೆಪ್ಷನ್‌ಗೋ’ ಅಂತಲೂ ಕೇಳಲು ಮರೆಯಬೇಡಿ. ಒಂದೇ ಸೀರೆಯಲ್ಲಿ ಎರಡನ್ನೂ ಮುಗಿಸುವ ಅತ್ತೆಯರು ಈಗ ಕಮ್ಮಿ.

ಶಾಟ್‌ನ ಬಗೆಯನ್ನೂ ಸೇರಿಸಬಹುದು. ಕ್ಲೋಸಪ್, ವೈಡ್, ಮೇಲಿನಿಂದ ತೆಗೆದದ್ದು, ರಾತ್ರಿ, ಹಿಂದಿನಿಂದ ಬೆಳಕು ಬಿದ್ದದ್ದು, ಇವನ್ನೆಲ್ಲ ಈ ಮಾದರಿಗಳು ಚೆನ್ನಾಗಿ ಹಿಡಿಯುತ್ತವೆ. ಬಿ-ರೋಲ್ (ಮುಖ್ಯ ದೃಶ್ಯಗಳ ನಡುವೆ ಹಾಕುವ ಪೂರಕ ಶಾಟ್‌ಗಳು) ಹುಡುಕುವಾಗ ಇದರಷ್ಟು ಉಪಯೋಗ ಬೇರೆಯಿಲ್ಲ. ‘ದೀಪದ ಕ್ಲೋಸಪ್’, ‘ಬಾಳೆಎಲೆ ಮೇಲೆ ಊಟ’, ‘ನಗುತ್ತಿರುವ ಮಗು’ ಅಂತ ಕೇಳಿ. ಒಂದೇ ನಿಮಿಷದಲ್ಲಿ ಸಾಲು ಸಾಲು ಬಂದು ನಿಲ್ಲುತ್ತವೆ. ಕೈಯಲ್ಲಿ ಮಾಡಿದರೆ ಅದೇ ಒಂದು ಸಂಜೆಯ ಕೆಲಸ.

ಭಾವನೆ ಹುಡುಕುವಾಗ ಹುಷಾರು. ‘ಅಳುತ್ತಿರುವ ಹೆಂಗಸು’ ಅಂದರೆ ಹೋಮದ ಹೊಗೆಗೆ ಕಣ್ಣು ಉಜ್ಜಿಕೊಂಡವರೆಲ್ಲ ಬರುತ್ತಾರೆ.

4. ಸಾಫ್ಟ್‌ವೇರ್ ಒಳಗಿನ ಕೆಲಸ

ಪ್ರೀಮಿಯರ್‌ನಲ್ಲಿ ಫುಟೇಜ್ ಇಂಪೋರ್ಟ್ ಮಾಡಿದ ಮೇಲೆ ಮೀಡಿಯಾ ಇಂಟೆಲಿಜೆನ್ಸ್ ವಿಶ್ಲೇಷಣೆ ಹಿನ್ನೆಲೆಯಲ್ಲಿ ನಡೆಯುತ್ತದೆ. ನಡೆಯುತ್ತಿಲ್ಲ ಅಂದರೆ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ವಿಶ್ಲೇಷಣೆಯ ಭಾಗಕ್ಕೆ ಹೋಗಿ ಅದು ಆನ್ ಆಗಿದೆಯಾ ನೋಡಿ. ಆಮೇಲೆ ವಿಂಡೋ ಮೆನುವಿನಿಂದ ಸರ್ಚ್ ಪ್ಯಾನೆಲ್ ತೆರೆಯಿರಿ. ನೀವು ಬರೆದದ್ದಕ್ಕೆ ಹೊಂದುವ ದೃಶ್ಯಗಳು, ಮಾತಿನಲ್ಲಿ ಆ ಪದ ಬಂದ ಜಾಗಗಳು, ಕ್ಲಿಪ್‌ನ ಮಾಹಿತಿಯಲ್ಲಿ ಇರುವುದು, ಹೀಗೆ ಫಲಿತಾಂಶ ಬೇರೆ ಬೇರೆಯಾಗಿ ಬರುತ್ತದೆ. ಇಡೀ ಕ್ಲಿಪ್ ಬದಲು ಅದರೊಳಗಿನ ಬೇಕಾದ ತುಣುಕನ್ನೇ ತೋರಿಸುವುದು ಇದರ ದೊಡ್ಡ ಅನುಕೂಲ. ಶಾಸ್ತ್ರಗಳನ್ನು ಬಿಡದೆ ತೆಗೆಯುವ ಟ್ರೆಡಿಷನಲ್ ಕ್ಯಾಮೆರಾದ ನಲವತ್ತು ನಿಮಿಷದ ಕ್ಲಿಪ್ ಇದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ವಿಶ್ಲೇಷಣೆ ನಿಮ್ಮ ಕಂಪ್ಯೂಟರಿನಲ್ಲೇ ಆಗುತ್ತದೆ, ಇಂಟರ್‌ನೆಟ್ ಬೇಡ, ಫುಟೇಜನ್ನು ತಮ್ಮ ಎಐ ಕಲಿಕೆಗೆ ಬಳಸುವುದಿಲ್ಲ ಅಂತ ಅಡೋಬಿ ಹೇಳುತ್ತದೆ. ಒಳ್ಳೆಯದೇ. ಆದರೆ ಅದರ ಅರ್ಥ ಭಾರವೆಲ್ಲ ನಿಮ್ಮ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಫುಟೇಜ್ ಎಸ್‌ಎಸ್‌ಡಿಯಲ್ಲಿರಲಿ. ರಾತ್ರಿ ಇಂಪೋರ್ಟ್ ಮಾಡಿ ಮಲಗಿಬಿಡಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಮೇಲೆ ಕಣ್ಣಿಡಿ.

ರಿಸಾಲ್ವ್ ಬಳಸುವವರಿಗೆ ಸ್ಟುಡಿಯೊ ಆವೃತ್ತಿ ಬೇಕು. ಉಚಿತ ಆವೃತ್ತಿಯಲ್ಲಿ ಮುಖ ಗುರುತಿಸುವ ಸೌಲಭ್ಯ ಇಲ್ಲ. ಸ್ಟುಡಿಯೊಗೆ 295 ಡಾಲರ್, ಒಂದೇ ಸಲ ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನು ಆಯ್ದು ರೈಟ್ ಕ್ಲಿಕ್ ಮಾಡಿ, ಜನರನ್ನು ಗುರುತಿಸುವ ವಿಶ್ಲೇಷಣೆ ಶುರು ಮಾಡಿ. ಅದು ಒಂದೇ ಮುಖಗಳನ್ನು ಗುಂಪು ಮಾಡಿಕೊಡುತ್ತದೆ. ಒಂದು ಸಲ ‘ಸೋದರತ್ತೆ’ ಅಂತ ಹೆಸರಿಟ್ಟರೆ ಅವರಿರುವ ಕ್ಲಿಪ್‌ಗಳು ಒಂದು ಬಿನ್‌ನಲ್ಲಿ (ಸಾಫ್ಟ್‌ವೇರ್ ಒಳಗಿನ ಫೋಲ್ಡರ್) ಸೇರುತ್ತವೆ. ಸಂಬಂಧಿಕರ ಪಟ್ಟಿ ಹಿಡಿದು ‘ಇವರು ಬಂದಿಲ್ಲ, ಅವರು ಬಂದಿಲ್ಲ’ ಅನ್ನುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆದರೆ ಅರಿಶಿನದ ದಿನದ ಮದುಮಗಳೂ ಮೇಕಪ್ ಆದ ಮೇಲಿನ ಮದುಮಗಳೂ ಎರಡು ಬೇರೆ ಮುಖಗಳಾಗಿ ಬರಬಹುದು. ಆಗ ಕೈಯಿಂದಲೇ ಸೇರಿಸಬೇಕು.

ಯಾವ ಸಾಫ್ಟ್‌ವೇರ್ ಆದರೂ, ಸಿಕ್ಕ ಶಾಟ್‌ಗೆ ಅಲ್ಲೇ ಒಂದು ಮಾರ್ಕರ್ ಹಾಕಿ, ಹೆಸರು ಬರೆಯಿರಿ. ಮಾರ್ಕರ್‌ನಲ್ಲಿ ‘ಧಾರೆ’ ಅಂತ ಕನ್ನಡದಲ್ಲೇ ಬರೆಯಬಹುದು. ಮುಂದಿನ ಸಲ ನಿಮ್ಮ ಭಾಷೆಯಲ್ಲೇ ಹುಡುಕಬಹುದು, ಯಂತ್ರ ಊಹಿಸುವ ಗೊಡವೆ ಇಲ್ಲ.

5. ಕನ್ನಡ ಮಾತನ್ನು ಹುಡುಕುವುದು

ಸಂದರ್ಶನ, ಡಾಕ್ಯುಮೆಂಟರಿ ಮಾಡುವವರಿಗೆ ದೃಶ್ಯಕ್ಕಿಂತ ಮಾತೇ ಮುಖ್ಯ. ಎರಡು ಗಂಟೆಯ ಮಾತಿನಲ್ಲಿ ‘ಬರಗಾಲ’ದ ಬೈಟ್, ಅಂದರೆ ಆ ಮಾತಿನ ತುಣುಕು, ಎಲ್ಲಿದೆ ಅಂತ ಬೇಕು. ಇದಕ್ಕೆ ಮಾತನ್ನು ಬರಹಕ್ಕೆ ಇಳಿಸಿ, ಬರಹದಲ್ಲಿ ಹುಡುಕುವುದೇ ದಾರಿ.

ಇಲ್ಲೇ ಕನ್ನಡಿಗರಿಗೆ ಪೆಟ್ಟು. ಪ್ರೀಮಿಯರ್‌ನ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಹಾಗಾಗಿ ಹೊರಗಿನ ಸಾಧನ ಬೇಕು. ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ಉಚಿತವಾಗಿ ಬಿಟ್ಟ ವಿಸ್ಪರ್ ಕನ್ನಡವನ್ನೂ ಬರೆಯುತ್ತದೆ. 6,80,000 ಗಂಟೆಯ ಆಡಿಯೊ ಕೇಳಿ ಕಲಿತದ್ದು ಅದು, ಆದರೆ ಅದರಲ್ಲಿ ಮೂರರಲ್ಲಿ ಎರಡಕ್ಕೆ ಹತ್ತಿರದ ಪಾಲು ಇಂಗ್ಲಿಷೇ. ಕನ್ನಡದ ಪಾಲು ತೀರ ಕಮ್ಮಿ, ಅದು ಫಲಿತಾಂಶದಲ್ಲಿ ಕಾಣುತ್ತದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೆಂದೇ ಮಾಡಿದ ಮಾದರಿಗಳನ್ನು ಉಚಿತವಾಗಿ ಕೊಡುತ್ತದೆ. ಬೆಂಗಳೂರಿನ ಸರ್ವಂ ಕಂಪನಿಯ ಸೇವೆಯೂ ಕನ್ನಡ ಬರೆಯುತ್ತದೆ. ಅದಕ್ಕೆ ಆಡಿಯೊವನ್ನು ಅವರ ಸರ್ವರಿಗೆ ಕಳಿಸಬೇಕಾಗುತ್ತದೆ.

ಪ್ರೋಗ್ರಾಮಿಂಗ್ ಬೇಡ ಅನ್ನುವವರಿಗೆ ವಿಂಡೋಸ್‌ನಲ್ಲಿ ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ತಂತ್ರಾಂಶ ಸುಲಭ. ಅದರ ವಿಡಿಯೊ ಮೆನುವಿನಲ್ಲೇ ವಿಸ್ಪರ್ ಇದೆ. ಮ್ಯಾಕ್‌ನಲ್ಲಿ ಮ್ಯಾಕ್‌ವಿಸ್ಪರ್ ಇದೆ. ಹೀಗೆ ಮಾಡಿ:

ಮಾದರಿ ಆರಿಸುವಾಗ ‘ಲಾರ್ಜ್’ ಆರಿಸಿ. ಟೈನಿ, ಬೇಸ್, ಸ್ಮಾಲ್ ಇವು ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ಅವು ಬರೆಯುವುದನ್ನು ಓದಿದರೆ ನಗು ಬರುತ್ತದೆ, ಆಮೇಲೆ ಅಳು.

ಭಾಷೆಯನ್ನು ನೀವೇ ‘ಕನ್ನಡ’ ಅಂತ ಹೇಳಿ. ಅದರ ಪಾಡಿಗೆ ಬಿಟ್ಟರೆ ಮೊದಲ 30 ಸೆಕೆಂಡ್ ಕೇಳಿ ಭಾಷೆ ತೀರ್ಮಾನಿಸುತ್ತದೆ. ಆ 30 ಸೆಕೆಂಡಿನಲ್ಲಿ ಓಲಗವೋ ಟ್ರ್ಯಾಕ್ಟರ್ ಸದ್ದೋ ಇದ್ದರೆ ನಿಮ್ಮ ಇಡೀ ಸಂದರ್ಶನ ಇನ್ಯಾವುದೋ ಭಾಷೆಯಲ್ಲಿ ಬಂದು ಕೂರುತ್ತದೆ.

ಲೇಪಲ್ ಮೈಕಿನ (ಅಂಗಿಗೆ ಸಿಕ್ಕಿಸುವ ಮೈಕ್) ಆಡಿಯೊ ಕೊಡಿ, ಕ್ಯಾಮೆರಾ ಮೈಕಿನದ್ದಲ್ಲ. ಮೌನ ಇರುವ ಕಡೆ ವಿಸ್ಪರ್ ಸುಮ್ನೆ ಇರುವುದಿಲ್ಲ. ಇಲ್ಲದ ವಾಕ್ಯ ಹುಟ್ಟಿಸುತ್ತದೆ, ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುತ್ತದೆ. ಉದ್ದ ಮೌನಗಳನ್ನು ಕತ್ತರಿಸಿ ಕೊಟ್ಟರೆ ಈ ಕಾಟ ಕಮ್ಮಿ. ಆದರೆ ಕತ್ತರಿಸಿದರೆ ಟೈಮ್‌ಕೋಡ್, ಅಂದರೆ ಪ್ರತಿ ಫ್ರೇಮಿನ ಸಮಯದ ಗುರುತು, ಕೆಡುತ್ತದೆ. ಅದಕ್ಕೇ ಮೌನ ಪತ್ತೆ ಮಾಡಿ ಬಿಟ್ಟುಬಿಡುವ ಆಯ್ಕೆ ಸಾಫ್ಟ್‌ವೇರಿನಲ್ಲಿ ಇದ್ದರೆ ಅದನ್ನೇ ಆನ್ ಮಾಡಿ.

ಪ್ರತಿ ಕ್ಲಿಪ್‌ಗೂ ಅದೇ ಹೆಸರಿನ ಎಸ್‌ಆರ್‌ಟಿ ಫೈಲ್ (ಸಮಯದ ಜೊತೆ ಮಾತಿನ ಬರಹ ಇರುವ ಸಬ್‌ಟೈಟಲ್ ಫೈಲ್) ಮಾಡಿ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಒಂದು ಫೋಲ್ಡರಿನ ಎಲ್ಲ ಫೈಲ್‌ಗಳಲ್ಲೂ ಒಟ್ಟಿಗೆ ಹುಡುಕುವ ಸೌಲಭ್ಯ ಇದೆ. ಫೈಲ್ ಹೆಸರು ನೋಡಿದರೆ ಕ್ಲಿಪ್ ಗೊತ್ತಾಯಿತು, ಸಾಲಿನ ಮೇಲಿನ ಸಮಯ ನೋಡಿದರೆ ಜಾಗ ಗೊತ್ತಾಯಿತು. ಇದರಲ್ಲಿ ಏನೂ ಚಂದ ಇಲ್ಲ, ಆದರೆ ಕೆಲಸ ಆಗುತ್ತದೆ.

ಹುಡುಕುವ ಪದ ಆರಿಸುವುದರಲ್ಲಿ ಜಾಣತನ ಬೇಕು. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದೆ. ‘ಊರು’ ಅಂತ ಹುಡುಕಿದರೆ ಊರಿಗೆ, ಊರಲ್ಲಿ, ಊರಿಂದ ಯಾವುದೂ ಸಿಗುವುದಿಲ್ಲ. ಬಾಲ ಕತ್ತರಿಸಿ ‘ಊರ’ ಅಂತ ಹುಡುಕಿ. ‘ಮನ’ ಅಂತ ಹುಡುಕಿದರೆ ಮನೆ, ಮನೇಲಿ, ಧಾರವಾಡದವರ ‘ಮನ್ಯಾಗ’ ಎಲ್ಲ ಬರುತ್ತದೆ. ಮನಸ್ಸೂ ಬರುತ್ತದೆ, ಬರಲಿ ಬಿಡಿ. ಜಾಸ್ತಿ ಸಿಕ್ಕರೆ ತೊಂದರೆ ಇಲ್ಲ, ತಪ್ಪಿಹೋದರೆ ತೊಂದರೆ.

ಇಂಗ್ಲಿಷ್ ಮಾತುಗಳು ಇನ್ನೂ ಕಿರಿಕಿರಿ. ‘ಆಫೀಸ್’ ಅನ್ನುವುದನ್ನು ಅದು ಒಮ್ಮೆ ಆಫೀಸು, ಒಮ್ಮೆ ಆಪೀಸ್ ಅಂತ ಬರೆಯುತ್ತದೆ. ‘ಆಫೀಸ್‌ಗೆ’ ಅನ್ನುವಲ್ಲಿ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಗುರುತು ಕೂಡ ಸೇರಿರಬಹುದು. ‘ಫೀಸ’, ‘ಪೀಸ’ ಹೀಗೆ ಚಿಕ್ಕ ತುಣುಕು ಹಾಕಿ ನೋಡಿ. ಊರಿನ ಹೆಸರು, ಜನರ ಹೆಸರುಗಳನ್ನಂತೂ ಯಂತ್ರ ಹೇಗೆ ಬರೆದಿದೆ ಅಂತ ಮೊದಲು ಒಂದು ಕಡೆ ಓದಿ ನೋಡಿ, ಆಮೇಲೆ ಅದೇ ತಪ್ಪನ್ನೇ ಹುಡುಕಿ. ಒಂದು ಕ್ಲಿಪ್‌ನಲ್ಲಿ ಮಾಡಿದ ತಪ್ಪನ್ನು ಅದು ಇನ್ನೊಂದು ಕಡೆಯೂ ಮಾಡಿರುವ ಸಾಧ್ಯತೆ ಜಾಸ್ತಿ.

ಒಂದು ಅಡ್ಡದಾರಿಯೂ ಇದೆ. ವಿಸ್ಪರ್ ಕನ್ನಡ ಕೇಳಿ ನೇರವಾಗಿ ಇಂಗ್ಲಿಷ್ ಅನುವಾದ ಬರೆಯಬಲ್ಲದು. ಆ ಇಂಗ್ಲಿಷಿನಲ್ಲಿ ವಿಷಯ ಹುಡುಕುವುದು ಕೆಲವು ಸಲ ಸುಲಭ, ಪದದ ಬಾಲಗಳ ಕಾಟ ಇಲ್ಲ. ಇದಕ್ಕೆ ‘ಟರ್ಬೊ’ ಮಾದರಿ ಬೇಡ, ಅದನ್ನು ಅನುವಾದಕ್ಕೆ ತಯಾರು ಮಾಡಿಲ್ಲ. ಈ ಅನುವಾದವನ್ನು ಸಬ್‌ಟೈಟಲ್ ಅಂತ ಮಾತ್ರ ಹಾಕಬೇಡಿ. ಹುಡುಕಲು ಸರಿ, ಜನಕ್ಕೆ ತೋರಿಸಲು ಅಲ್ಲ.

ಮಂಡ್ಯದ ಮಾತು, ಕುಂದಾಪುರದ ಮಾತು, ಕಲಬುರಗಿಯ ಮಾತು ಬಂದಾಗ ಎಲ್ಲ ಸಾಧನಗಳೂ ಸೋಲುತ್ತವೆ. ವಯಸ್ಸಾದವರ ಹಲ್ಲಿಲ್ಲದ ಬಾಯಿಯ ಮಾತಿಗೂ ಹಾಗೇ. ಅಂಥ ಸಂದರ್ಶನಕ್ಕೆ ಒಬ್ಬರು ಕೂತು ಐದೈದು ನಿಮಿಷಕ್ಕೆ ಒಂದು ಸಾಲಿನ ಟಿಪ್ಪಣಿ ಬರೆದುಕೊಳ್ಳುವುದೇ ಬೇಗ ಆಗುವ ಕೆಲಸ.

6. ಇಡೀ ವಿಡಿಯೊವನ್ನೇ ಎಐಗೆ ಕೊಟ್ಟು ಕೇಳುವುದು

ಗೂಗಲ್‌ನ ಜೆಮಿನಿಯಂಥ ಮಾದರಿಗಳಿಗೆ ವಿಡಿಯೊ ಅಪ್‌ಲೋಡ್ ಮಾಡಿ ‘ಏನೇನು ನಡೆಯಿತು, ಸಮಯದ ಜೊತೆ ಪಟ್ಟಿ ಮಾಡು’ ಅನ್ನಬಹುದು. ಇಲ್ಲಿ ಕನ್ನಡದಲ್ಲೇ ಕೇಳಬಹುದು. ಒಂದು ಶಾಸ್ತ್ರ ಅಂದರೆ ಏನು ಅಂತ ಎರಡು ಸಾಲು ವಿವರಿಸಿದರೆ ಅದನ್ನು ಅರ್ಥ ಮಾಡಿಕೊಂಡು ಹುಡುಕುತ್ತದೆ. ಮೊದಲ ಲಾಗ್ ಶೀಟ್ ಮಾಡಲು ಒಳ್ಳೆಯ ಉಪಾಯ.

ಮೂಲ ಫೈಲ್ ಕಳಿಸುವ ಮಾತೇ ಇಲ್ಲ, ಪ್ರಾಕ್ಸಿ ಕಳಿಸಿ. ಜೆಮಿನಿ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಫ್ರೇಮ್ ನೋಡುತ್ತದೆ. ಅಕ್ಷತೆ ಹಾರಿದ ಕ್ಷಣದಂಥ ಅರ್ಧ ಸೆಕೆಂಡಿನ ಘಟನೆ ಅದರ ಕಣ್ಣು ತಪ್ಪಬಹುದು. ಅದು ಕೊಡುವ ಸಮಯ ಫೈಲಿನ ಆರಂಭದಿಂದ ಲೆಕ್ಕ, ಕ್ಯಾಮೆರಾದ ಟೈಮ್‌ಕೋಡ್ ಅಲ್ಲ. ಪ್ರಾಕ್ಸಿ ಮಾಡುವಾಗಲೇ ಮೂಲೆಯಲ್ಲಿ ಕ್ಲಿಪ್ ಹೆಸರು, ಟೈಮ್‌ಕೋಡ್ ಕಾಣುವ ಹಾಗೆ ಬರ್ನ್ ಮಾಡಿ, ‘ಫ್ರೇಮಿನಲ್ಲಿ ಕಾಣುವ ಟೈಮ್‌ಕೋಡ್ ಬರೆ’ ಅಂತ ಹೇಳಿದರೆ ಗೊಂದಲ ಕಮ್ಮಿ.

ಹಾಗಿದ್ದೂ ಅದು ಹೇಳಿದ್ದನ್ನೆಲ್ಲ ಹೋಗಿ ನೋಡಿ. ಇಲ್ಲದ ಘಟನೆಗೂ ಅದು ಧೈರ್ಯವಾಗಿ ಸಮಯ ಬರೆದುಕೊಡುತ್ತದೆ. ‘ಸಪ್ತಪದಿ ಎಲ್ಲಿದೆ?’ ಅಂತ ಕೇಳುವ ಬದಲು ‘ಸಪ್ತಪದಿ ಇದೆಯಾ? ಇಲ್ಲದಿದ್ದರೆ ಇಲ್ಲ ಅನ್ನು’ ಅಂತ ಕೇಳುವುದು ಕ್ಷೇಮ.

7. ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ

ಹುಡುಕಾಟದಲ್ಲಿ ಬಂದಿಲ್ಲ ಅಂತ ಗಿರಾಕಿಗೆ “ಆ ಶಾಟ್ ತೆಗೆದಿಲ್ಲ” ಅಂದುಬಿಡಬೇಡಿ. ಮೂರು ಬೇರೆ ಬೇರೆ ರೀತಿಯಲ್ಲಿ ಕೇಳಿ: ವಸ್ತುವಿನಿಂದ, ಬಣ್ಣದಿಂದ, ಜಾಗದಿಂದ. ಆಮೇಲೆ ಎಲ್ಲ ಕ್ಯಾಮೆರಾಗಳ ಕ್ಲಿಪ್‌ಗಳನ್ನು ಸಿಂಕ್ ಮಾಡಿ, ಆ ಹೊತ್ತಿನಲ್ಲಿ ಪ್ರತಿಯೊಂದು ಕ್ಯಾಮೆರಾ ಎಲ್ಲಿ ನೋಡುತ್ತಿತ್ತು ಅಂತ ನೋಡಿ. ವೈಡ್ ಕ್ಯಾಮೆರಾದಲ್ಲಿ ಸೋದರತ್ತೆ ಚುಕ್ಕೆಯಾಗಿ ಇದ್ದೇ ಇರುತ್ತಾರೆ. 4ಕೆ ಫುಟೇಜ್ ಆದರೆ ಝೂಮ್ ಮಾಡಿ 1080ಪಿ ಟೈಮ್‌ಲೈನಿಗೆ ಹಾಕಬಹುದು.

ಹತ್ತು ಶಾಟ್ ಸಿಕ್ಕಾಗಲೂ ಮೊದಲನೆಯದನ್ನೇ ಎಳೆದು ಹಾಕಬೇಡಿ. ಯಂತ್ರ ಮೊದಲು ತೋರಿಸುವುದು ನಿಮ್ಮ ಮಾತಿಗೆ ಹೆಚ್ಚು ಹೊಂದುವುದನ್ನು, ಚೆನ್ನಾಗಿರುವುದನ್ನಲ್ಲ. ಫೋಕಸ್ ಹೋದ ಆರತಿಯೂ ಅದಕ್ಕೆ ಆರತಿಯೇ.

8. ಮನೆಯವರ ಖಾಸಗಿತನ

ಮದುವೆ ಫುಟೇಜಿನಲ್ಲಿ ಮಕ್ಕಳಿರುತ್ತಾರೆ, ಡ್ರೆಸಿಂಗ್ ರೂಮಿನ ಕ್ಯಾಂಡಿಡ್ ಇರುತ್ತದೆ, ಮೈಕ್ ಆನ್ ಇರುವುದು ಗೊತ್ತಿಲ್ಲದೆ ಆಡಿದ ಮಾತುಗಳಿರುತ್ತವೆ. ಇದನ್ನು ಕ್ಲೌಡ್ ಎಐಗೆ ಕಳಿಸುವ ಮೊದಲು ಗಿರಾಕಿಯ ಒಪ್ಪಿಗೆ ಪಡೆಯಿರಿ. ಕರಾರು ಪತ್ರದಲ್ಲೇ ಒಂದು ಸಾಲು ಸೇರಿಸಿದರೆ ಆಯಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ನಮ್ಮ ದೇಶದಲ್ಲಿ ಕಾನೂನೇ ಬಂದಿದೆ. ಉಚಿತ ಸೇವೆಗಳ ಷರತ್ತುಗಳನ್ನು ಓದಿ. ಕೆಲವು ಉಚಿತ ಸೇವೆಗಳು ನೀವು ಕೊಟ್ಟದ್ದನ್ನು ಕಲಿಕೆಗೆ ಬಳಸಿಕೊಳ್ಳುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ ಮದುವೆಯ ಕೆಲಸಕ್ಕೆ ಕಂಪ್ಯೂಟರಿನಲ್ಲೇ ನಡೆಯುವ ಸಾಧನ ಸಾಕು. ಕ್ಲೌಡ್ ಬೇಕಾಗುವುದು ಭಾಷಣ, ಸಮಾರಂಭದಂಥ ಬಹಿರಂಗ ಫುಟೇಜಿಗೆ.

9. ಡೆಲಿವರಿ ಆದ ಮೇಲೆ

ಮೂಲ ಫುಟೇಜನ್ನು ಇಷ್ಟು ತಿಂಗಳು ಇಟ್ಟುಕೊಳ್ಳುತ್ತೇವೆ ಅಂತ ಹೇಳಿ, ಆಮೇಲೆ ಅಳಿಸುವ ಸ್ಟುಡಿಯೊಗಳು ಬಹಳ. ಅಳಿಸುವ ಮುನ್ನ ಮೂಲವನ್ನು ಗಿರಾಕಿಯ ಹಾರ್ಡ್ ಡಿಸ್ಕಿಗೆ ಕೊಡಿ. ಗಿರಾಕಿ ಒಪ್ಪಿದರೆ ಪ್ರಾಕ್ಸಿ, ಎಸ್‌ಆರ್‌ಟಿ, ಪ್ರಾಜೆಕ್ಟ್ ಫೈಲ್ ಈ ಮೂರನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಂದು ಮದುವೆಗೆ 11 ಜಿಬಿ ಅಂದರೆ ಒಂದು ಟಿಬಿ ಡಿಸ್ಕಿನಲ್ಲಿ 80 ಮದುವೆಗೂ ಜಾಗ ಇದೆ. ಕ್ಲಿಪ್ ಹೆಸರುಗಳನ್ನು ಎರಡೂ ಕಡೆ ಒಂದೇ ಇಡಿ. ವರ್ಷ ಬಿಟ್ಟು ನಾಮಕರಣದ ವಿಡಿಯೊಗೆ ಅದೇ ಮನೆಯವರು ಬಂದು ಮದುವೆಯ ನಾಲ್ಕು ಶಾಟ್ ಕೇಳಿದರೆ, ಪ್ರಾಕ್ಸಿಯಲ್ಲಿ ಹುಡುಕಿ, ಕ್ಲಿಪ್ ಹೆಸರು ಮತ್ತು ಟೈಮ್‌ಕೋಡ್ ಬರೆದುಕೊಟ್ಟು, ಅವರ ಡಿಸ್ಕ್ ತರಲು ಹೇಳಿ.